ಕೆಳಗಿಳಿದಂತೆ ಸೋಡಿಯಂ ಮನೆತನ ಜೋರು, ಕ್ಲೋರಿನ್ ಮನೆತನ ಸಾಧು: ಯಾಕೆ ಹೀಗೆ?

ಪ್ರಶ್ನೆ: ಸಾರ್, ನನ್ನ ಮಗಳು ಮಂಡ್ಯದಲ್ಲಿ ಎರಡನೇ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಆವರ್ತ ಕೋಷ್ಟಕದ 1ನೇ ಗುಂಪಿನ ಧಾತುಗಳು ಕೆಳಗಿಳಿದಷ್ಟೂ ಜಾಸ್ತಿ ಕ್ರಿಯಾಶೀಲ, 17ನೇ ಗುಂಪಿನವು ಕೆಳಗಿಳಿದಷ್ಟೂ ಕಡಿಮೆ ಅಂತ ಬಾಯಿಪಾಠ ಮಾಡಿದ್ದಾಳೆ. ಯಾಕೆ ಉಲ್ಟಾ ಅಂತ ಕೇಳಿದರೆ ಹೇಳಲು ಬರುತ್ತಿಲ್ಲ. ಇನ್ನೊಂದು, ಎಲೆಕ್ಟ್ರೋಡ್ ಪೊಟೆನ್ಷಿಯಲ್ ಪಟ್ಟಿಯಲ್ಲಿ ಲಿಥಿಯಂ ಎಲ್ಲಕ್ಕಿಂತ ಜೋರು ಅಂತ ಇದೆಯಂತೆ. ಗುಂಪಿನಲ್ಲಿ ಮೇಲೆ ಇರುವುದು ಜೋರಾಗಿದ್ದು ಹೇಗೆ? ಟ್ಯೂಷನ್‌ನಲ್ಲಿ ಕೇಳಿದ್ದಕ್ಕೆ "ಅದು ಅಪವಾದ, ಬರ್ಕೊಳಿ" ಅಂದರಂತೆ. ಸ್ವಲ್ಪ ಬಿಡಿಸಿ ಹೇಳುತ್ತೀರಾ? (ಒಬ್ಬ ತಂದೆ, ಮದ್ದೂರು)

ಉತ್ತರ: ನಿಮ್ಮ ಮಗಳ ಎರಡನೇ ಪ್ರಶ್ನೆ ಇದೆಯಲ್ಲ, ಲಿಥಿಯಂದು, ಅದಕ್ಕಾಗಿಯೇ ಉದ್ದಕ್ಕೆ ಬರೆಯುತ್ತಿದ್ದೇನೆ. ಅದು ಅಪವಾದ ಅಲ್ಲವೇ ಅಲ್ಲ. ಲೆಕ್ಕ ಹಾಕಿದರೆ ನೆಟ್ಟಗೆ ಬರುವ ಉತ್ತರ. ಆದರೆ ಅಲ್ಲಿಗೆ ಹೋಗುವ ಮುಂಚೆ ಮೊದಲನೆಯದನ್ನು ಮುಗಿಸೋಣ.

1ನೇ ಗುಂಪಿನ ಲೋಹಗಳಿಗೆ, ಅಂದರೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂಗೆ, ಹೊರಗಿನ ಕವಚದಲ್ಲಿ ಒಂದೇ ಒಂದು ಎಲೆಕ್ಟ್ರಾನ್. ಅದನ್ನು ಕೊಟ್ಟುಬಿಡುವುದೇ ಅವುಗಳ ಕೆಲಸ. 17ನೇ ಗುಂಪಿನ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗೆ ಹೊರಗೆ ಏಳು ಎಲೆಕ್ಟ್ರಾನ್, ಎಂಟಾಗಲು ಒಂದು ಬೇಕು. ಅವುಗಳ ಕೆಲಸ ತೆಗೆದುಕೊಳ್ಳುವುದು. ಗುಂಪಿನಲ್ಲಿ ಒಂದೊಂದು ಮೆಟ್ಟಿಲು ಇಳಿದಾಗಲೂ ಒಂದು ಕವಚ ಸೇರುತ್ತದೆ, ಪರಮಾಣು ದಪ್ಪ ಆಗುತ್ತದೆ, ನ್ಯೂಕ್ಲಿಯಸ್‌ಗೆ ಹೊರಗಿನ ಕವಚದ ಮೇಲಿರುವ ಹಿಡಿತ ಸಡಿಲ ಆಗುತ್ತದೆ. ಎರಡೂ ಗುಂಪಿನಲ್ಲಿ ನಡೆಯುವುದು ಇದೇ. ಹಿಡಿತ ಸಡಿಲ ಆದರೆ ಕೊಡುವವರಿಗೆ ಅನುಕೂಲ, ತೆಗೆದುಕೊಳ್ಳುವವರಿಗೆ ನಷ್ಟ. ಉಲ್ಟಾ ಕಾಣುವುದು ಅಷ್ಟಕ್ಕೇ.

ಇಲ್ಲಿ ಚುರುಕಾದ ಮಕ್ಕಳು ಒಂದು ಅಡ್ಡಪ್ರಶ್ನೆ ಹಾಕುತ್ತಾರೆ, ಹಾಕಲೇಬೇಕು. ಸೀಸಿಯಂ ನ್ಯೂಕ್ಲಿಯಸ್‌ನಲ್ಲಿ 55 ಪ್ರೋಟಾನ್ ಇವೆ, ಲಿಥಿಯಂನಲ್ಲಿ ಬರೀ 3. ಹಾಗಿದ್ದರೆ ಸೀಸಿಯಂ ಹಿಡಿತವೇ ಬಿಗಿ ಇರಬೇಕಲ್ವಾ? ಇರಬೇಕಿತ್ತು, ನಡುವೆ ಏನೂ ಇಲ್ಲದಿದ್ದರೆ. ಆದರೆ ಸೀಸಿಯಂನ ಹೊರಗಿನ ಎಲೆಕ್ಟ್ರಾನ್‌ಗೂ ನ್ಯೂಕ್ಲಿಯಸ್‌ಗೂ ನಡುವೆ 54 ಎಲೆಕ್ಟ್ರಾನ್‌ಗಳ ಅಡ್ಡಗೋಡೆ ಇದೆ. ಅವು ಒಳಗಿನ ಧನ ಆವೇಶವನ್ನು ಬಹುಪಾಲು ಮರೆಮಾಡುತ್ತವೆ. ಜೊತೆಗೆ ದೂರವೂ ಹೆಚ್ಚು: ಲೋಹದಲ್ಲಿ ಲಿಥಿಯಂ ಪರಮಾಣುವಿನ ತ್ರಿಜ್ಯ ಸುಮಾರು 152 ಪಿಕೋಮೀಟರ್, ಸೀಸಿಯಂದು 265. ಪರಿಣಾಮ ಅಂಕಿಯಲ್ಲೇ ಕಾಣುತ್ತದೆ. ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಎಣಿಕೆಗೆ ಬಳಸುವ ಒಂದು ನಿಗದಿತ ಸಂಖ್ಯೆ) ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಲಿಥಿಯಂಗೆ 520 ಕಿಲೋಜೂಲ್ ಬೇಕು, ಸೋಡಿಯಂಗೆ 496, ಪೊಟ್ಯಾಸಿಯಂಗೆ 419, ರುಬಿಡಿಯಂಗೆ 403, ಸೀಸಿಯಂಗೆ 376.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ತುಂಡನ್ನು ಇಕ್ಕಳದಲ್ಲಿ ತೆಗೆದು ಫಿಲ್ಟರ್ ಪೇಪರ್ ಮೇಲಿಟ್ಟು ಚಾಕುವಿನಿಂದ ಒತ್ತಿದರೆ ಗಟ್ಟಿ ಬೆಣ್ಣೆಯ ಥರ ಕತ್ತರಿಸುತ್ತದೆ, ಕತ್ತರಿಸಿದ ಮುಖ ಬೆಳ್ಳಿಯಂತೆ ಹೊಳೆಯುತ್ತದೆ, ನೀವು ನೋಡುತ್ತಿದ್ದಂತೆಯೇ ಮಂಕಾಗುತ್ತದೆ. ಅಕ್ಕಿಕಾಳಿನಷ್ಟು ಚೂರನ್ನು ಅಗಲವಾದ ಪಾತ್ರೆಯ ನೀರಿಗೆ ಹಾಕಿದರೆ ಅದು ಕರಗಿ ಉಂಡೆಯಾಗಿ, ಚುಂಯ್ ಅನ್ನುತ್ತಾ ನೀರಿನ ಮೇಲೆಲ್ಲ ಓಡಾಡುತ್ತದೆ. ನೀರಿಗೆ ಮೊದಲೇ ಎರಡು ಹನಿ ಫಿನಾಲ್ಫ್ಥಲೀನ್ ಹಾಕಿದ್ದರೆ ಅದು ಓಡಿದ ದಾರಿಯೆಲ್ಲ ಗುಲಾಬಿ ಬಣ್ಣ. ಲಿಥಿಯಂ ಹಾಗೆ ಗಲಾಟೆ ಮಾಡುವುದಿಲ್ಲ. ತೇಲುತ್ತಾ, ಸುಮ್ನೆ ಗುಳ್ಳೆ ಬಿಡುತ್ತಾ ಕೂರುತ್ತದೆ. ಪೊಟ್ಯಾಸಿಯಂ ಬಿದ್ದ ತಕ್ಷಣ ನೇರಳೆ ಜ್ವಾಲೆ. ರುಬಿಡಿಯಂ, ಸೀಸಿಯಂ ನೀರಿಗಿಂತ ಭಾರ, ಹಾಗಾಗಿ ಮುಳುಗಿ ಒಳಗೇ ಸಿಡಿಯುತ್ತವೆ, ಗಾಜಿನ ಪಾತ್ರೆಯೂ ಚೂರಾಗಬಹುದು. ಅವು ಕಾಲೇಜು ಲ್ಯಾಬಿಗೆ ಬರುವುದೇ ಇಲ್ಲ, ಬರಬಾರದು ಕೂಡ. ಸೀಸಿಯಂ 28.4 ಡಿಗ್ರಿಗೆ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲಿ ಫ್ಯಾನಿಲ್ಲದ ರೂಮಿನಲ್ಲಿಟ್ಟರೆ ಸೀಲ್ ಮಾಡಿದ ಗಾಜಿನ ಕೊಳವೆಯೊಳಗೇ ನೀರಾಗಿರುತ್ತದೆ. ಇನ್ನೂ ಕೆಳಗಿನ ಫ್ರಾನ್ಸಿಯಂ ಬಗ್ಗೆ ಕೇಳಬೇಡಿ. 1939ರಲ್ಲಿ ಮಾರ್ಗರೀತ್ ಪೆರೆ ಕಂಡುಹಿಡಿದ ಆ ಧಾತುವಿನ ಅತಿ ದೀರ್ಘಾಯುಷಿ ರೂಪವೂ 22 ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ.

ಇಷ್ಟು ನೋಡಿದ ಮೇಲೆ ಲಿಥಿಯಂ ಸಾಧು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಎಲೆಕ್ಟ್ರೋಡ್ ಪೊಟೆನ್ಷಿಯಲ್ ಪಟ್ಟಿ ತೆಗೆದರೆ ಲಿಥಿಯಂ ಮೈನಸ್ 3.04 ವೋಲ್ಟ್, ಪೊಟ್ಯಾಸಿಯಂ ಮೈನಸ್ 2.93, ಸೋಡಿಯಂ ಮೈನಸ್ 2.71. ಅಂಕಿ ಎಷ್ಟು ಋಣವೋ ಎಲೆಕ್ಟ್ರಾನ್ ಕೊಡುವ ಆತುರ ಅಷ್ಟು ಜಾಸ್ತಿ ಅಂತ ಅರ್ಥ. ಹಾಗಾದರೆ ಯಾವುದು ನಿಜ?

ಎರಡೂ ನಿಜ. ಯಾಕೆಂದರೆ "ಕ್ರಿಯಾಶೀಲತೆ" ಅಂತ ನಾವು ಒಂದೇ ಪದದಲ್ಲಿ ಹೇಳುವುದರೊಳಗೆ ಎರಡು ಬೇರೆ ವಿಷಯ ಇವೆ: ಕೊನೆಗೆ ಎಷ್ಟು ಶಕ್ತಿ ಸಿಗುತ್ತದೆ ಅನ್ನುವುದು ಒಂದು, ಕೆಲಸ ಎಷ್ಟು ಬೇಗ ಆಗುತ್ತದೆ ಅನ್ನುವುದು ಇನ್ನೊಂದು. ಪುಸ್ತಕಗಳು ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ಮಕ್ಕಳ ಕೈಗೆ ಕೊಡುತ್ತವೆ. ನನ್ನ ತಕರಾರು ಇರುವುದೇ ಇಲ್ಲಿ.

ಮೊದಲು ಶಕ್ತಿಯ ಲೆಕ್ಕ. ಮಂಡ್ಯದವರಿಗೆ ಇದು ಕಬ್ಬಿನ ಲೆಕ್ಕದ ಥರವೇ. ಕಟಾವಿನ ಕೂಲಿ ಒಂದನ್ನೇ ನೋಡಿ ಲಾಭ ಎಷ್ಟು ಅಂತ ಯಾರೂ ಹೇಳುವುದಿಲ್ಲ. ಬಿತ್ತನೆ, ಗೊಬ್ಬರ, ಕಟಾವು, ಲಾರಿ ಬಾಡಿಗೆ ಎಲ್ಲ ಕೂಡಿಸಿ, ಕಾರ್ಖಾನೆ ಕೊಟ್ಟ ದುಡ್ಡಿನ ಎದುರು ಇಡಬೇಕು. ಅಯಾನೀಕರಣ ಶಕ್ತಿ, ಅಂದರೆ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ, ಅನ್ನುವುದು ಬರೀ ಒಂದು ಖರ್ಚು. ಅದರ ಮುಂಚೆ ಇನ್ನೊಂದು ಖರ್ಚಿದೆ, ಗಟ್ಟಿ ಲೋಹದಿಂದ ಪರಮಾಣುಗಳನ್ನು ಬಿಡಿಸಿಕೊಳ್ಳುವುದು: ಲಿಥಿಯಂಗೆ 159, ಸೋಡಿಯಂಗೆ 107, ಪೊಟ್ಯಾಸಿಯಂಗೆ 89 ಕಿಲೋಜೂಲ್. ಆಮೇಲೆ ಎಲೆಕ್ಟ್ರಾನ್ ಕೀಳುವ ಖರ್ಚು, ಮೇಲೆ ಹೇಳಿದೆ: 520, 496, 419. ಇಲ್ಲಿಯವರೆಗೆ ಲಿಥಿಯಂಗೇ ಎಲ್ಲದರಲ್ಲೂ ಜಾಸ್ತಿ ಖರ್ಚು. ಈಗ ಬರುವುದು ಗಳಿಕೆ. ಎಲೆಕ್ಟ್ರಾನ್ ಕಳೆದುಕೊಂಡು ಆವೇಶ ಪಡೆದ ಪರಮಾಣು, ಅಂದರೆ ಅಯಾನು, ನೀರಿಗೆ ಇಳಿದ ತಕ್ಷಣ ನೀರಿನ ಅಣುಗಳು ಅದನ್ನು ಸುತ್ತಿಕೊಳ್ಳುತ್ತವೆ, ಆಗ ಶಕ್ತಿ ಹೊರಗೆ ಬರುತ್ತದೆ. ಇದೇ ಹೈಡ್ರೇಷನ್ ಎಂಥಾಲ್ಪಿ. ಲಿಥಿಯಂ ಅಯಾನು ತುಂಬಾ ಪುಟ್ಟದು, ಅದರ ಆವೇಶ ಒಂದೇ ಕಡೆ ಕಿಕ್ಕಿರಿದಿರುತ್ತದೆ, ನೀರಿನ ಅಣುಗಳು ಬಿಗಿಯಾಗಿ ಅಂಟುತ್ತವೆ. ಗಳಿಕೆ ಲಿಥಿಯಂಗೆ ಸುಮಾರು 506, ಸೋಡಿಯಂಗೆ 406, ಪೊಟ್ಯಾಸಿಯಂಗೆ 330.

ಮಗಳ ಕೈಯಲ್ಲಿ ಕೂಡಿಸಿ ಕಳೆಯಲು ಹೇಳಿ. ನಿವ್ವಳ ಖರ್ಚು ಲಿಥಿಯಂಗೆ 173, ಪೊಟ್ಯಾಸಿಯಂಗೆ 178, ಸೋಡಿಯಂಗೆ 197. ವೋಲ್ಟ್ ಪಟ್ಟಿಯ ಕ್ರಮವೇ ಇದು! ಲಿಥಿಯಂ ಮೊದಲು, ಪೊಟ್ಯಾಸಿಯಂ ಆಮೇಲೆ, ಸೋಡಿಯಂ ಕೊನೆಗೆ. (ಎಂಟ್ರೊಪಿ ಅಂತ ಒಂದು ಚಿಲ್ಲರೆ ಬಾಬತ್ತು ಇದೆ, ಕೈಬಿಟ್ಟಿದ್ದೇನೆ. ಹೈಡ್ರೇಷನ್ ಅಂಕಿಗಳೂ ಪುಸ್ತಕದಿಂದ ಪುಸ್ತಕಕ್ಕೆ ಹತ್ತಿಪ್ಪತ್ತು ಆಚೀಚೆ ಇರುತ್ತವೆ. ಕ್ರಮ ಬದಲಾಗುವುದಿಲ್ಲ.) ಪಟ್ಟಿಯ ಅಂಕಿ ನೀರಿನ ದ್ರಾವಣದಲ್ಲಿ ಅಳೆದದ್ದು, ಅದಕ್ಕೇ ಲಿಥಿಯಂ ಗೆದ್ದಿತು. ನೀರು ಇಲ್ಲದ ಕಡೆ, ಅನಿಲದ ಪರಮಾಣುಗಳನ್ನು ಮಾತ್ರ ಹೋಲಿಸಿದರೆ, ಸೀಸಿಯಂ ಗೆಲ್ಲುತ್ತದೆ.

ಸರಿ, ಶಕ್ತಿಯಲ್ಲಿ ಲಿಥಿಯಂ ಮುಂದೆ ಇದ್ದರೆ ಪಾತ್ರೆಯಲ್ಲಿ ಯಾಕೆ ಮೆತ್ತಗಿತ್ತು? ಇದು ವೇಗದ ವಿಷಯ. ಲಿಥಿಯಂ ಕರಗುವುದು 180 ಡಿಗ್ರಿಗೆ, ಸೋಡಿಯಂ 98ಕ್ಕೆ, ಪೊಟ್ಯಾಸಿಯಂ 63ಕ್ಕೆ. ನೀರಿನ ಮೇಲೆ ಹುಟ್ಟಿದ ಬಿಸಿಗೆ ಸೋಡಿಯಂ ಕರಗಿಬಿಡುತ್ತದೆ, ಮೈಮೇಲಿನ ಪೊರೆ ಕಳಚಿ ಹೊಸ ಲೋಹ ನೀರಿಗೆ ತಾಗುತ್ತಲೇ ಇರುತ್ತದೆ. ಲಿಥಿಯಂ ಗಟ್ಟಿಯಾಗಿಯೇ ಉಳಿಯುತ್ತದೆ, ಅದರ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವುದೂ ಕಡಿಮೆ. ಜೊತೆಗೆ ಎಲೆಕ್ಟ್ರಾನ್ ಕೀಳುವ ಮೊದಲ ಅಡ್ಡಿಯೂ ಅದಕ್ಕೇ ಎತ್ತರ. ಹಾಗಾಗಿ ನಿಧಾನ. ಆದರೆ ಪೂರ್ತಿ ಮುಗಿದ ಮೇಲೆ ಒಂದು ಗ್ರಾಂ ಲಿಥಿಯಂ ಬಿಟ್ಟ ಶಾಖ ಒಂದು ಗ್ರಾಂ ಸೋಡಿಯಂ ಬಿಟ್ಟದ್ದರ ಸುಮಾರು ನಾಲ್ಕು ಪಟ್ಟು. ನಿಮ್ಮ ಜೇಬಿನಲ್ಲಿರುವ ಫೋನ್ ಬ್ಯಾಟರಿಗೆ ಲಿಥಿಯಂ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ: ಹಗುರ, ಮೇಲಾಗಿ ವೋಲ್ಟೇಜ್ ಜಾಸ್ತಿ.

ಇನ್ನೊಂದು ವಿಷಯ, ಪರೀಕ್ಷೆಗೆ ಬೇಡ, ಆದರೆ ಹೇಳದೆ ಇರಲಾರೆ. ಸೋಡಿಯಂ ನೀರಿನಲ್ಲಿ ಸಿಡಿಯುವುದು ಹೈಡ್ರೋಜನ್‌ಗೆ ಬೆಂಕಿ ಹತ್ತಿ ಅಂತ ನಾವೆಲ್ಲ ಕಲಿತದ್ದು. 2015ರಲ್ಲಿ ಪ್ರಾಗ್‌ನ ವಿಜ್ಞಾನಿಗಳು ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದ ಹನಿಯನ್ನು ನೀರಿಗೆ ಬಿಟ್ಟು ಅತಿವೇಗದ ಕ್ಯಾಮೆರಾದಲ್ಲಿ ನೋಡಿದರು. ಒಂದು ಮಿಲಿಸೆಕೆಂಡ್ ಕಳೆಯುವ ಮುಂಚೆಯೇ ಹನಿಯಿಂದ ಮುಳ್ಳುಮುಳ್ಳಾಗಿ ಲೋಹ ನೀರಿನೊಳಕ್ಕೆ ಚಿಮ್ಮಿತ್ತು. ಎಲೆಕ್ಟ್ರಾನ್‌ಗಳು ಅಷ್ಟು ಬೇಗ ನೀರಿಗೆ ಓಡಿಹೋಗುವುದರಿಂದ ಲೋಹದಲ್ಲಿ ಉಳಿದ ಧನ ಅಯಾನುಗಳು ಒಂದನ್ನೊಂದು ದೂಡಿ ಹನಿಯನ್ನೇ ಒಡೆಯುತ್ತವೆ. ಹಾಗೆ ಒಡೆದಾಗ ನೀರಿಗೆ ತಾಗುವ ಮೈ ಒಮ್ಮೆಲೇ ಹೆಚ್ಚುತ್ತದೆ. ಇಷ್ಟು ಹಳೆಯ ಪ್ರಯೋಗದಲ್ಲೂ ಹೊಸದು ಸಿಕ್ಕಿತು ನೋಡಿ.

ಈಗ ಹ್ಯಾಲೊಜನ್‌ಗಳ, ಅಂದರೆ 17ನೇ ಗುಂಪಿನ ಕಡೆ. ಇಲ್ಲೂ ಅದೇ ಲೆಕ್ಕ ಹಾಕಿದರೆ ಮತ್ತೊಂದು "ಅಪವಾದ" ಮಾಯ. ಎಲೆಕ್ಟ್ರಾನ್ ಸೇರಿಸಿಕೊಂಡಾಗ ಸಿಗುವ ಶಕ್ತಿ ಫ್ಲೋರಿನ್‌ಗಿಂತ ಕ್ಲೋರಿನ್‌ಗೇ ಜಾಸ್ತಿ, 328ಕ್ಕೆ ಎದುರು 349. ಫ್ಲೋರಿನ್ ಎಷ್ಟು ಚಿಕ್ಕದೆಂದರೆ ಹೊಸ ಎಲೆಕ್ಟ್ರಾನ್ ಬಂದರೆ ಒಳಗಿರುವ ಎಲೆಕ್ಟ್ರಾನ್‌ಗಳ ಜೊತೆ ಇಕ್ಕಟ್ಟು. ಆದರೂ ಪಟ್ಟಿಯಲ್ಲಿ ಫ್ಲೋರಿನ್ 2.87 ವೋಲ್ಟ್, ಕ್ಲೋರಿನ್ 1.36 (ಅಂಕಿ ಎಷ್ಟು ಧನವೋ ಎಲೆಕ್ಟ್ರಾನ್ ಎಳೆದುಕೊಳ್ಳುವ ಆತುರ ಅಷ್ಟು ಜಾಸ್ತಿ). ಹೇಗೆ? ಮೊದಲು ಅಣುವನ್ನು ಎರಡು ಪರಮಾಣುವಾಗಿ ಒಡೆಯಬೇಕು. ಫ್ಲೋರಿನ್ ಬಂಧ ಆಶ್ಚರ್ಯ ಆಗುವಷ್ಟು ದುರ್ಬಲ, 158 ಕಿಲೋಜೂಲ್ ಸಾಕು, ಕ್ಲೋರಿನ್‌ಗೆ 242 ಬೇಕು. ಒಂದು ಪರಮಾಣುವಿಗೆ ಇದರ ಅರ್ಧ, 79 ಮತ್ತು 121. ಕೊನೆಗೆ ಅಯಾನು ನೀರಿಗೆ ಇಳಿದಾಗ ಪುಟ್ಟ ಫ್ಲೋರೈಡ್ 515 ಗಳಿಸುತ್ತದೆ, ಕ್ಲೋರೈಡ್ 381. ನಿವ್ವಳ ಗಳಿಕೆ ಫ್ಲೋರಿನ್‌ಗೆ 764, ಕ್ಲೋರಿನ್‌ಗೆ 609. ಬ್ರೋಮಿನ್, ಅಯೋಡಿನ್ ಇನ್ನೂ ಕೆಳಗೆ: 1.09 ಮತ್ತು 0.54 ವೋಲ್ಟ್. ಈ ಫ್ಲೋರಿನ್ ಎಷ್ಟು ಮೊಂಡು ಅಂದರೆ ಅದನ್ನು ಬೇರ್ಪಡಿಸಲು ಹೋಗಿ ಕೆಲವು ರಸಾಯನಶಾಸ್ತ್ರಜ್ಞರು ಪ್ರಾಣವನ್ನೇ ಕಳೆದುಕೊಂಡರು. ಕೊನೆಗೆ 1886ರಲ್ಲಿ ಆನ್ರಿ ಮ್ವಾಸಾನ್‌ಗೆ ಅದು ಸಾಧ್ಯವಾಯಿತು, 1906ರಲ್ಲಿ ಅವರಿಗೆ ನೊಬೆಲ್ ಬಂತು.

ಇದನ್ನು ಕಾಲೇಜಿನಲ್ಲಿ ತೋರಿಸುವುದು ಬಹಳ ಸುಲಭ. ಪ್ರನಾಳದಲ್ಲಿ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ, ನೀರಿನಷ್ಟೇ ತಿಳಿ. ಕ್ಲೋರಿನ್ ನೀರು ನಾಲ್ಕು ಹನಿ ಹಾಕಿ. ಕಂದು ಬಣ್ಣ ಬರುತ್ತದೆ. ಅದಕ್ಕೆ ತಣ್ಣನೆಯ ಅನ್ನದ ಗಂಜಿ ಸ್ವಲ್ಪ ಸೇರಿಸಿ, ಕಡುನೀಲಿ. ಕ್ಲೋರಿನ್ ಅಯೊಡೈಡ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅಯೋಡಿನ್ ಅನ್ನು ಹೊರಗೆ ಹಾಕಿತು ಅಂತ ಅರ್ಥ. ಪೊಟ್ಯಾಸಿಯಂ ಬ್ರೋಮೈಡ್ ಆಗಿದ್ದರೆ ಕಿತ್ತಳೆ-ಹಳದಿ. ಈಗ ತಿರುಗಿಸಿ, ಬ್ರೋಮೈಡ್‌ಗೆ ಅಯೋಡಿನ್ ದ್ರಾವಣ ಹಾಕಿ ನೋಡಿ. ಅಯೋಡಿನ್ ತನ್ನ ಬಣ್ಣ ಬಿಟ್ಟರೆ ಬೇರೆ ಏನೂ ಆಗುವುದಿಲ್ಲ. ಮೇಲಿನದು ಕೆಳಗಿನದನ್ನು ಓಡಿಸುತ್ತದೆ, ಕೆಳಗಿನದು ಮೇಲಿನದನ್ನು ಅಲ್ಲಾಡಿಸಲಾರದು.

ನಮ್ಮ ಮನೆಗಳಿಗೆ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕುತ್ತಾರೆ, ಫ್ಲೋರಿನ್ ಯಾಕೆ ಹಾಕುವುದಿಲ್ಲ ಅಂತ ಮಗಳನ್ನು ಕೇಳಿ. ಫ್ಲೋರಿನ್ ಕ್ರಿಮಿಯ ತನಕ ಹೋಗುವುದೇ ಇಲ್ಲ, ನೀರಿನ ಜೊತೆಗೇ ಜಗಳಕ್ಕೆ ಬಿದ್ದು ಹೈಡ್ರೋಜನ್ ಫ್ಲೋರೈಡ್ ಮಾಡಿ ಆಕ್ಸಿಜನ್ ಬಿಡುತ್ತದೆ. ಕ್ಲೋರಿನ್ ಹದವಾಗಿದೆ. ಅಂದ ಹಾಗೆ, ಮನೆಯಲ್ಲಿ ಬಟ್ಟೆಗೆ ಹಾಕುವ ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಬಾಗಿಲು ಹಾಕಿದ ಬಚ್ಚಲಲ್ಲಿ ಕ್ಲೋರಿನ್ ಅನಿಲ ಎದ್ದರೆ ಉಸಿರು ಕಟ್ಟುತ್ತದೆ.

ಇನ್ನು ನಾನು ಪ್ರತಿ ವರ್ಷ ನೋಡುವ ಒಂದು ಗೊಂದಲ. ಧಾತು ಬೇರೆ, ಅದರ ಅಯಾನು ಬೇರೆ. ಸಾರಿಗೆ ಹಾಕುವ ಉಪ್ಪಿನಲ್ಲಿ ಸೋಡಿಯಂ ಇದೆ, ಅದು ನೀರಿಗೆ ಬಿದ್ದರೆ ಯಾಕೆ ಸಿಡಿಯಲ್ಲ? ಅಲ್ಲಿರುವುದು ಎಲೆಕ್ಟ್ರಾನ್ ಕೊಟ್ಟು ಮುಗಿಸಿದ ಅಯಾನು, ಇನ್ನು ಅದಕ್ಕೆ ಅವಸರ ಏನಿದೆ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿರುವುದು ಫ್ಲೋರೈಡ್ ಅಯಾನು, ಮ್ವಾಸಾನ್ ಹಿಡಿದ ಆ ಮೊಂಡ ಅನಿಲ ಅಲ್ಲ. ಅದು ಹಲ್ಲು ಮೂಳೆ ಕೆಡಿಸುವ ರೀತಿಯೇ ಬೇರೆ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಮಾಡಲು ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದಲ್ಲ, ಅದನ್ನು ತೋರಿಸಿ "ನೋಡಿ ಸಾರ್, ಕ್ಯಾಲ್ಸಿಯಂ ಎಷ್ಟು ಕ್ರಿಯಾಶೀಲ" ಅನ್ನುತ್ತಾರೆ. ಅಲ್ಲಿ ಕ್ಯಾಲ್ಸಿಯಂ ಮೊದಲೇ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಕೂತಿದೆ. ಬಿಸಿ ಬರುವುದು ಆಕ್ಸೈಡ್ ಹೈಡ್ರಾಕ್ಸೈಡ್ ಆಗುವುದರಿಂದ.

2ನೇ ಗುಂಪಿನ ಲೋಹಗಳೂ 1ನೇ ಗುಂಪಿನ ದಾರಿಯಲ್ಲೇ ಹೋಗುತ್ತವೆ. ಬೆರಿಲಿಯಂ ನೀರಿಗೆ ಜಗ್ಗುವುದಿಲ್ಲ, ಮೆಗ್ನೀಸಿಯಂ ತಣ್ಣೀರಿನಲ್ಲಿ ಬಹಳ ನಿಧಾನ, ಕ್ಯಾಲ್ಸಿಯಂ ಚೆನ್ನಾಗಿ ಗುಳ್ಳೆ ಬಿಡುತ್ತದೆ, ಬೇರಿಯಂ ಇನ್ನೂ ಜೋರು. ಇಲ್ಲಿ ಗಮನಿಸಬೇಕಾದ್ದು ಲವಣಗಳು ಕರಗುವ ರೀತಿ. ಹೈಡ್ರಾಕ್ಸೈಡ್‌ಗಳು ಕೆಳಗಿಳಿದಂತೆ ಜಾಸ್ತಿ ಕರಗುತ್ತವೆ, ಸಲ್ಫೇಟ್‌ಗಳು ಕಡಿಮೆ. ನಿಮ್ಮ ಕಡೆ ಬೆಳೆಗೆ ಹಾಕುವ ಮೆಗ್ನೀಸಿಯಂ ಸಲ್ಫೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಬೇರಿಯಂ ಸಲ್ಫೇಟ್ ಎಷ್ಟು ಕರಗಲ್ಲ ಅಂದರೆ, ಬೇರಿಯಂ ಅಯಾನು ವಿಷವಾದರೂ, ಹೊಟ್ಟೆಯ ಎಕ್ಸ್‌ರೇಗೆ ಅದನ್ನು ಕುಡಿಸುತ್ತಾರೆ.

ಪರೀಕ್ಷೆಯಲ್ಲಿ ಲಿಥಿಯಂ ಪ್ರಶ್ನೆ ಬಂದರೆ ಮೂರು ಹಂತವನ್ನೂ ಬರೆಯಲಿ: ಪರಮಾಣು ಬಿಡಿಸುವುದು, ಅಯಾನೀಕರಣ, ಹೈಡ್ರೇಷನ್. ಮೊದಲೆರಡರಲ್ಲಿ ಲಿಥಿಯಂಗೆ ಆಗುವ ಹೆಚ್ಚುವರಿ ಖರ್ಚನ್ನು ಕೊನೆಯದು ತುಂಬಿಕೊಡುತ್ತದೆ ಅಂತ ಒಂದು ಸಾಲು. ಹ್ಯಾಲೊಜನ್‌ಗೂ ಹಾಗೇ, ಬಂಧ ಒಡೆಯುವುದು, ಎಲೆಕ್ಟ್ರಾನ್ ಸೇರುವುದು, ಹೈಡ್ರೇಷನ್.

ಕೊನೆಗೆ ಒಂದು ಎಚ್ಚರಿಕೆ. ಇಷ್ಟೆಲ್ಲ ಓದಿದ ಮೇಲೆ "ಲೋಹ ಆದರೆ ಕೆಳಗೆ ಜಾಸ್ತಿ, ಅಲೋಹ ಆದರೆ ಕೆಳಗೆ ಕಡಿಮೆ" ಅಂತ ಒಂದು ಸೂತ್ರ ಮಾಡಿಕೊಳ್ಳುವ ಆಸೆ ಆಗುತ್ತದೆ. 11ನೇ ಗುಂಪು ಅದನ್ನು ಮುರಿಯುತ್ತದೆ. ತಾಮ್ರ, ಬೆಳ್ಳಿ, ಚಿನ್ನ. ತಾಮ್ರದ ಹಂಡೆ ಕಿಲುಬು ಹಿಡಿಯುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಬೇಕು. ಬೆಳ್ಳಿ ದೀಪ ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ, ಆದರೆ ಆಕ್ಸಿಜನ್‌ಗೆ ಬಗ್ಗುವುದಿಲ್ಲ. ಚಿನ್ನದ ಸರ ತಲೆಮಾರು ಕಳೆದರೂ ಹಾಗೇ. ಲೋಹಗಳೇ, ಆದರೂ ಕೆಳಗಿಳಿದಂತೆ ಸಾಧು: 0.34, 0.80, 1.50 ವೋಲ್ಟ್. ಇವುಗಳಲ್ಲಿ ಒಳಗಿನ ಡಿ ಎಲೆಕ್ಟ್ರಾನ್‌ಗಳು, ಚಿನ್ನದಲ್ಲಿ ಎಫ್ ಎಲೆಕ್ಟ್ರಾನ್‌ಗಳೂ ಸೇರಿ (ಡಿ, ಎಫ್ ಅನ್ನುವುದು ಉಪಕವಚಗಳ ಹೆಸರು), ಅಡ್ಡಗೋಡೆಯ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ನ್ಯೂಕ್ಲಿಯಸ್‌ನ ಸೆಳೆತ ಹೊರಗಿನ ತನಕ ಮುಟ್ಟುತ್ತದೆ. ಬೆಳ್ಳಿ, ಚಿನ್ನ ಎರಡರ ಪರಮಾಣುಗಳೂ ಹೆಚ್ಚುಕಡಿಮೆ ಒಂದೇ ಗಾತ್ರ. ಎಲೆಕ್ಟ್ರಾನ್ ಕೀಳಲು ಬೆಳ್ಳಿಗೆ 731 ಕಿಲೋಜೂಲ್, ಚಿನ್ನಕ್ಕೆ 890. ಲೋಹದಿಂದ ಪರಮಾಣು ಬಿಡಿಸುವ ಖರ್ಚೂ ಪೊಟ್ಯಾಸಿಯಂಗೆ ಆಗುವುದರ ಮೂರು ನಾಲ್ಕು ಪಟ್ಟು.

ಎಲೆಕ್ಟ್ರಾನ್ ಕೊಡಲು ಇಷ್ಟು ಜಿಪುಣರಾದವರು, ಕೊಟ್ಟ ಎಲೆಕ್ಟ್ರಾನನ್ನು ಅವಕಾಶ ಸಿಕ್ಕರೆ ವಾಪಸ್ ಪಡೆಯುತ್ತಾರೆ. ಇದರ ಮೇಲೇ ನಿಂತಿರುವ ಒಂದು ವಸ್ತು ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಕೊಡುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಬೆವರಿನ ಉಪ್ಪಿನಲ್ಲಿರುವ ಕ್ಲೋರೈಡ್ ಜೊತೆ ಸೇರಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಾಗ ಬೆಳ್ಳಿ ಅಯಾನು ಎಲೆಕ್ಟ್ರಾನ್ ವಾಪಸ್ ಪಡೆದು ಬೆಳ್ಳಿಯ ಸಣ್ಣ ಕಣಗಳಾಗಿ ಕಪ್ಪಗೆ ಕೂರುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗಲ್ಲ, ಚರ್ಮ ಸವೆದು ಉಗುರು ಬೆಳೆದ ಮೇಲೇ ಹೋಗುವುದು. ಸಿಲ್ವರ್ ನೈಟ್ರೇಟ್ ಬದಲು ಸೋಡಿಯಂ ನೈಟ್ರೇಟ್ ದ್ರಾವಣ ಹಚ್ಚಿ ಎಷ್ಟು ಹೊತ್ತು ಬಿಸಿಲಿಗೆ ನಿಂತರೂ ಕಲೆ ಬರುವುದಿಲ್ಲ. ಬೆವರಿಗೋ ಬಿಸಿಲಿಗೋ ಸೋಡಿಯಂ ಅಯಾನು ಎಲೆಕ್ಟ್ರಾನ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಉಪ್ಪನ್ನು ನೀರಿನಲ್ಲಲ್ಲ, ಬರೀ ಬಿಸಿಯಿಂದಲೇ ಕರಗಿಸಿ, ವಿದ್ಯುತ್ ಹರಿಸಿ ಬಲವಂತ ಮಾಡಿದರೆ ಲೋಹವಾಗುತ್ತದೆ.